ಜೆರುಸಲೇಮಿನ ಪರ್ಣಕುಟೀರ, ನಮ್ಮ ಮನೆಯ ತೆನೆ: ನನ್ನ ಅನುಭವ

ದಕ್ಷಿಣ ಕನ್ನಡ ಮತ್ತು ಉಡುಪಿಯ ಕಡೆಯಿಂದ ಇಸ್ರೇಲಿಗೆ ಹೋಗಿ ವೃದ್ಧರ ಆರೈಕೆ ಮಾಡುತ್ತಿರುವವರಲ್ಲಿ ಕ್ರೈಸ್ತರು ಬಹಳ ಮಂದಿ ಇದ್ದಾರೆ. ನಾನೂ ಅವರಲ್ಲಿ ಒಬ್ಬಳಾಗಿ ಜೆರುಸಲೇಮಿನ ಧರ್ಮನಿಷ್ಠ ಯೆಹೂದ್ಯ ಕುಟುಂಬವೊಂದರಲ್ಲಿ, ಗಾಲಿಕುರ್ಚಿಯಲ್ಲೇ ದಿನ ಕಳೆಯುವ ಅಜ್ಜಿಯನ್ನು ಕೆಲವು ವರ್ಷ ನೋಡಿಕೊಂಡೆ. ಆ ಮನೆಯ ಹಬ್ಬಗಳ ಕೆಲಸದಲ್ಲಿ ಕೈಜೋಡಿಸುತ್ತಾ, ಆಯಾ ಹಬ್ಬಕ್ಕೆ ಸಂಬಂಧಪಟ್ಟ ಬೈಬಲಿನ ಅಧ್ಯಾಯಗಳನ್ನು ಆಯಾ ದಿನಗಳಲ್ಲೇ ಕನ್ನಡದಲ್ಲಿ ಓದುವ ಅಭ್ಯಾಸವನ್ನು ಇಟ್ಟುಕೊಂಡೆ. ಈ ಹಬ್ಬಗಳು ಕ್ರಿಸ್ತನ ಮುನ್ಸೂಚನೆಗಳೆಂದು ಪ್ರವಚನಗಳಲ್ಲಿ ಕೇಳಿದ್ದೆ. ಆದರೆ ಅವು ಮೊದಲು ಧಾನ್ಯಕ್ಕೆ, ಹಣ್ಣಿಗೆ, ಮಳೆಗೆ ಸಂಬಂಧಪಟ್ಟವು ಎಂಬುದನ್ನು ದಾಟಿಕೊಂಡು ನೇರವಾಗಿ ಸಂಕೇತಕ್ಕೆ ಹಾರಿದರೆ ಶುಭಸಂದೇಶದ ಮಾತುಗಳೂ ಅರ್ಧವೇ ತಿಳಿಯುತ್ತವೆ ಎಂಬುದು ನನಗೆ ಅಲ್ಲಿ ಮನವರಿಕೆಯಾಯಿತು.

ಯಾಜಕಕಾಂಡದ 23ನೆಯ ಅಧ್ಯಾಯ ಈ ಹಬ್ಬಗಳನ್ನು ಬೆಳೆಯ ಕ್ರಮದಲ್ಲೇ ಇಡುತ್ತದೆ. ಈಜಿಪ್ಟಿನ ದಾಸ್ಯದಿಂದ ಪಡೆದ ಬಿಡುಗಡೆಯನ್ನು ನೆನೆಯುವ ಪಾಸ್ಕದ ಸಮಯದಲ್ಲಿ ಜವೆಗೋಧಿಯ ಮೊದಲ ಸಿವುಡು, ಅಲ್ಲಿಂದ ಏಳು ವಾರ ಎಣಿಸಿ ಐವತ್ತನೆಯ ದಿನ ಹೊಸ ಗೋಧಿಯ ಎರಡು ರೊಟ್ಟಿ, ಏಳನೆಯ ತಿಂಗಳ 15ನೆಯ ದಿನದಿಂದ, ಹೊಲ ಮತ್ತು ತೋಟಗಳ ಫಲವೆಲ್ಲ ಮನೆ ಸೇರಿದ ಮೇಲೆ, ಏಳು ದಿನ, ಗರಿ ಹೊದಿಸಿದ ಕುಟೀರಗಳಲ್ಲಿ ವಾಸಿಸುವ ಪರ್ಣಕುಟೀರಗಳ ಹಬ್ಬ. ಈ ಪಟ್ಟಿಯ ನಡುವೆ, 22ನೆಯ ವಚನದಲ್ಲಿ, ಹೊಲದ ಅಂಚನ್ನು ಪೂರ್ತಿಯಾಗಿ ಕೊಯ್ಯದೆ ಬಡವರಿಗೂ ಪರದೇಶದವರಿಗೂ ಬಿಡಬೇಕೆಂಬ ಆಜ್ಞೆ ಬರುತ್ತದೆ. ಊರಿನಲ್ಲಿ ಓದುವಾಗ ಆ ವಚನ ನನ್ನ ಗಮನಕ್ಕೆ ಬಂದಿರಲೇ ಇಲ್ಲ. ಪರದೇಶದಲ್ಲಿ ದುಡಿಯುವವಳಾಗಿ ಓದಿದಾಗ ಅದೇ ಇಡೀ ಅಧ್ಯಾಯದ ನಡುಗಂಬದಂತೆ ತೋರಿತು.

ಕುಟೀರದ ಕೆಲಸ ಯೋಮ್ ಕಿಪ್ಪೂರ್ ಎಂಬ ಪ್ರಾಯಶ್ಚಿತ್ತ ದಿನದ ಉಪವಾಸ ಮುಗಿದ ರಾತ್ರಿಯೇ ಆರಂಭವಾಗುತ್ತಿತ್ತು, ಏಕೆಂದರೆ ಹಬ್ಬಕ್ಕೆ ನಡುವೆ ಉಳಿಯುವುದು ನಾಲ್ಕೇ ದಿನ. ಕುಟೀರಕ್ಕೆ ನಾಲ್ಕು ಗೋಡೆ ಕಡ್ಡಾಯವಲ್ಲ, ಆದರೆ ಇರುವ ಗೋಡೆ ಸಾಮಾನ್ಯ ಗಾಳಿಗೆ ನಿಲ್ಲಬೇಕು; ಆದ್ದರಿಂದ ಕೊಳವೆಗಳ ಚೌಕಟ್ಟಿಗೆ ಕಟ್ಟಿದ ಬಟ್ಟೆಯನ್ನು ಅಲುಗಾಡದಂತೆ ಬಿಗಿಯುವುದರಲ್ಲೇ ಹೆಚ್ಚು ಸಮಯ ಹೋಗುತ್ತಿತ್ತು. ಮೇಲಿನ ಹೊದಿಕೆ ನೆಲದಲ್ಲಿ ಬೆಳೆದು ಕತ್ತರಿಸಿದ್ದೇ ಆಗಿರಬೇಕು. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ಆದರೂ ರಾತ್ರಿ ನಕ್ಷತ್ರಗಳು ಕಾಣುವಷ್ಟು ತೆರವು ಇರುವುದು ವಾಡಿಕೆ. ಮರದ ಕೆಳಗೆ ಅಥವಾ ಮತ್ತೊಂದು ಸೂರಿನ ಕೆಳಗೆ ಕಟ್ಟಿದ ಕುಟೀರ ಸಲ್ಲುವುದಿಲ್ಲ. ಅಲ್ಲಿನ ಎಷ್ಟೋ ವಸತಿ ಕಟ್ಟಡಗಳಲ್ಲಿ ಒಂದು ಮಹಡಿಯ ಬಾಲ್ಕನಿ ಇನ್ನೊಂದರ ನೇರ ಕೆಳಗೆ ಬರದಂತೆ ಕಟ್ಟಿರುವುದಕ್ಕೆ ಇದೇ ಕಾರಣ. ಅಜ್ಜಿಯ ಮಗ ತರುತ್ತಿದ್ದ ಖರ್ಜೂರದ ಗರಿಗಳ ಬುಡದಲ್ಲಿ ಉದ್ದನೆಯ ಮುಳ್ಳುಗಳಿರುತ್ತಿದ್ದವು. ಅವನ್ನು ಸವರಿ, ಮರದ ಅಡ್ಡಪಟ್ಟಿಗಳ ಮೇಲೆ ಒಂದರ ಪಕ್ಕ ಒಂದು ಹಾಸುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಮಡಲಿನ ಚಪ್ಪರ ನೋಡಿ ಬೆಳೆದ ನನಗೆ ಅದು ಕಷ್ಟವೆನಿಸಲಿಲ್ಲ. ನಾನು ವಿಶೇಷವಾಗಿ ಗಮನ ಕೊಟ್ಟದ್ದು ಬಾಗಿಲಿನ ಅಗಲ ಮತ್ತು ಹೊಸ್ತಿಲಿನ ಕಡೆಗೆ, ಏಕೆಂದರೆ ಗಾಲಿಕುರ್ಚಿ ಒಳಗೆ ತಿರುಗಿ ಮೇಜಿನ ಹತ್ತಿರ ನಿಲ್ಲಬೇಕಾಗಿತ್ತು.

ರೋಗಿಗಳಿಗೂ ಅವರ ಶುಶ್ರೂಷೆ ಮಾಡುವವರಿಗೂ ಕುಟೀರದ ಕಟ್ಟಳೆಯಿಂದ ವಿನಾಯಿತಿ ಇದೆಯೆಂದು ಯೆಹೂದ್ಯರ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾ ಹೇಳುತ್ತದೆ. ಯೆಹೂದ್ಯಳಲ್ಲದ ನನಗೆ ಆ ಕಟ್ಟಳೆ ಹೇಗೂ ಅನ್ವಯಿಸುವುದಿಲ್ಲ. ಆದರೂ ಸುಮಾರು 1,800 ವರ್ಷಗಳ ಹಿಂದೆ ಕ್ರೋಡೀಕರಿಸಿದ ಗ್ರಂಥವೊಂದು ಹಾಸಿಗೆಯ ಪಕ್ಕ ಕುಳಿತವರನ್ನೂ ನೆನೆದಿದೆ ಎಂದು ತಿಳಿದಾಗ ನನ್ನ ಕಣ್ಣು ತುಂಬಿತು. ಅಜ್ಜಿ ಮಾತ್ರ ಆ ವಿನಾಯಿತಿಯನ್ನು ಒಪ್ಪುತ್ತಿರಲಿಲ್ಲ. ಮೊದಲ ರಾತ್ರಿಯ ಊಟಕ್ಕೆ ಅವರನ್ನು ಹೊರಗೆ ಕರೆದುಕೊಂಡು ಹೋದಾಗ, ನನ್ನನ್ನೂ ಪಕ್ಕದಲ್ಲೇ ಕುಳ್ಳಿರಿಸಿಕೊಳ್ಳುತ್ತಿದ್ದರು. ಧರ್ಮೋಪದೇಶಕಾಂಡದ 16ನೆಯ ಅಧ್ಯಾಯ ಈ ಹಬ್ಬದಲ್ಲಿ ಮಗ, ಮಗಳು, ದಾಸ, ದಾಸಿ, ಲೇವಿಯ, ಪರದೇಶಿ, ಅನಾಥ, ವಿಧವೆ ಎಲ್ಲರೂ ಸಂತೋಷಪಡಬೇಕೆಂದು ಹೆಸರಿಸಿ ಹೇಳುತ್ತದೆ. ಆ ಮನೆಯವರು ಅದನ್ನು ಅಕ್ಷರಶಃ ನಡೆಸುತ್ತಿದ್ದರು.

ಹಬ್ಬದಲ್ಲಿ ಹಿಡಿಯುವ ನಾಲ್ಕು ಬೆಳೆಗಳ ವಿಷಯವನ್ನೂ ಹೇಳಬೇಕು. ನಮ್ಮ ಮಾದಳದ ಜಾತಿಗೆ ಸೇರಿದ ಎತ್ರೋಗ್ ಹಣ್ಣು, ಬಿಚ್ಚದ ಖರ್ಜೂರದ ಗರಿ, ಪರಿಮಳದ ಎಲೆಯ ಹದಾಸ್ ಕೊಂಬೆಗಳು, ಹಳ್ಳದ ದಂಡೆಯ ನೀರವಂಜಿ. ಎತ್ರೋಗಿಗೆ ರುಚಿಯೂ ಪರಿಮಳವೂ ಇವೆ, ಖರ್ಜೂರಕ್ಕೆ ರುಚಿ ಮಾತ್ರ, ಹದಾಸ್‌ಗೆ ಪರಿಮಳ ಮಾತ್ರ, ನೀರವಂಜಿಗೆ ಎರಡೂ ಇಲ್ಲ. ಹಾಗೆಯೇ ವಿದ್ಯೆಯೂ ಸತ್ಕಾರ್ಯವೂ ಉಳ್ಳವರು, ಒಂದೇ ಉಳ್ಳವರು, ಯಾವುದೂ ಇಲ್ಲದವರು ಎಲ್ಲರೂ ಒಟ್ಟಿಗೆ ಸೇರಿದರೆ ಮಾತ್ರ ಜನಾಂಗ ಪೂರ್ಣವೆಂದು ಯೆಹೂದ್ಯ ಗುರುಗಳು ವಿವರಿಸಿದ್ದಾರೆ. ಇವನ್ನು ಹಿಡಿದು ಹಾಡುವ 118ನೆಯ ಕೀರ್ತನೆಯಲ್ಲಿ ಹೊಸಾನ್ನದ, ಅಂದರೆ ‘ರಕ್ಷಿಸು’ ಎಂಬ, ಮೊರೆ ಬರುತ್ತದೆ. ನಾವು ಗರಿಗಳ ಭಾನುವಾರ ಅದೇ ಕೂಗನ್ನು, ಅದೇ ರೀತಿ ಗರಿ ಹಿಡಿದು ಹೇಳುತ್ತೇವೆ.

ನನ್ನ ಓದನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿದ್ದು ನೀರು. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಜೆರುಸಲೇಮಿನಲ್ಲಿ ಮಳೆ ಇಲ್ಲವೆಂದೇ ಹೇಳಬಹುದು. ಸುಗ್ಗಿಯ ಸಂಭ್ರಮದ ಹೊತ್ತಿಗೆ ನೆಲ ಒಣಗಿ ಬಿರುಕುಬಿಟ್ಟಿರುತ್ತದೆ, ಮುಂದಿನ ವರ್ಷದ ಬೆಳೆಯೆಲ್ಲ ಇನ್ನೂ ಬಾರದ ಮಳೆಯ ಮೇಲೆ ನಿಂತಿರುತ್ತದೆ. ಆದುದರಿಂದಲೇ ದೇವಾಲಯವಿದ್ದ ಕಾಲದಲ್ಲಿ, ಅಂದರೆ ಕ್ರಿ.ಶ. 70ರಲ್ಲಿ ಅದು ನಾಶವಾಗುವವರೆಗೆ, ಈ ಹಬ್ಬದ ದಿನಗಳಲ್ಲಿ ಸಿಲೋವಾಮ್ ಕೊಳದಿಂದ ಚಿನ್ನದ ಪಾತ್ರೆಯಲ್ಲಿ ಸುಮಾರು ಒಂದು ಲೀಟರಿನಷ್ಟು ನೀರನ್ನು ತುಂಬಿ, ಕೊಂಬೂದುತ್ತಾ ಮೇಲಕ್ಕೆ ತಂದು, ಬಲಿಪೀಠದ ಮೇಲೆ ಸುರಿಯುತ್ತಿದ್ದರು. ಸ್ತ್ರೀಯರ ಅಂಗಳದಲ್ಲಿ ಎತ್ತರದ ದೀಪಸ್ತಂಭಗಳನ್ನು ಹೊತ್ತಿಸುತ್ತಿದ್ದರು. ಯಾಜಕರ ಹಳೆಯ ಉಡುಪುಗಳೇ ಅವಕ್ಕೆ ಬತ್ತಿ. ಇದೇ ಹಬ್ಬದ ಕೊನೆಯ ಮಹಾದಿನದಲ್ಲಿ ಯೇಸು ಎದ್ದು ನಿಂತು, ಬಾಯಾರಿದವರು ನನ್ನ ಬಳಿಗೆ ಬಂದು ಕುಡಿಯಲಿ ಎಂದು ಕೂಗಿ ಹೇಳಿದ್ದನ್ನು ಯೊವಾನ್ನನ 7ನೆಯ ಅಧ್ಯಾಯ ಹೇಳುತ್ತದೆ. ಜಗಜ್ಜ್ಯೋತಿ ನಾನೇ ಎಂಬ ಮಾತು 8ನೆಯ ಅಧ್ಯಾಯದಲ್ಲಿದೆ. 2004ರಲ್ಲಿ ಆ ಕೊಳದ ಪ್ರಾಚೀನ ಮೆಟ್ಟಿಲುಗಳು ಬೆಳಕಿಗೆ ಬಂದವು. ನಾನು ರಜೆಯ ದಿನ ಅಲ್ಲಿಗೆ ಹೋಗಿ, ಈ ಎರಡು ಅಧ್ಯಾಯಗಳನ್ನು ಓದಿ, ಬಿಸಿಲಿನಲ್ಲಿ ದಿಣ್ಣೆ ಹತ್ತಿದೆ. ವರ್ಷಕ್ಕೆ ನಾಲ್ಕು ತಿಂಗಳು ಜಡಿಮಳೆ ಕಾಣುವ ಊರಿನವಳಾದ ನನಗೆ ಬಾಯಾರಿಕೆ ಎಂಬುದು ಅಲ್ಲಿಯವರೆಗೆ ಆತ್ಮಕ್ಕೆ ಸಂಬಂಧಪಟ್ಟ ಮಾತಾಗಿತ್ತು. ಆ ದಿಣ್ಣೆಯಲ್ಲಿ ಅದು ಗಂಟಲಿಗೂ ಗದ್ದೆಗೂ ಸಂಬಂಧಪಟ್ಟಿತು. ಎಂಟನೆಯ ದಿನ ಮನೆಯವರು ಸಭಾಮಂದಿರದಲ್ಲಿ ಮಳೆಗಾಗಿ ಪ್ರಾರ್ಥಿಸಿ ಬಂದಾಗ, ನಾನೂ ನನ್ನ ಕೋಣೆಯಲ್ಲಿ ಆ ದೇಶದ ಮಳೆಗಾಗಿ ಪ್ರಾರ್ಥಿಸಿದೆ.

ಪಾಸ್ಕದಿಂದ ಏಳು ವಾರ ಎಣಿಸಿ ಆಚರಿಸುವ ವಾರಗಳ ಹಬ್ಬದಲ್ಲಿ ಮನೆಯ ಕೆಲಸ ಅಷ್ಟಿಲ್ಲ: ಹಾಲು, ಗಿಣ್ಣಿನ ಅಡುಗೆ, ರಾತ್ರಿಯಿಡೀ ಧರ್ಮಗ್ರಂಥದ ಅಧ್ಯಯನ. ಅಂದು ಓದುವುದು ರೂತಳ ಕಥೆ. ಹೊಲದ ಅಂಚಿನಲ್ಲಿ ಹಕ್ಕಲಾಯ್ದು ತನ್ನ ಅತ್ತೆಯನ್ನು ಸಾಕಿದ ಮೋವಾಬಿನ ಪರದೇಶಿ ಹೆಣ್ಣು ದಾವೀದನಿಗೆ ಮುತ್ತಜ್ಜಿಯಾದಳು, ಮತ್ತಾಯನ ವಂಶಾವಳಿಯಲ್ಲಿ ಯೇಸುವಿನ ಪೂರ್ವಿಕಳಾಗಿ ಸ್ಥಾನ ಪಡೆದಳು. ಪವಿತ್ರಾತ್ಮ ಇಳಿದುಬಂದ ಪಂಚಾಶತ್ತಮ ದಿನವೂ ಇದೇ.

ಊರಿಗೆ ಮರಳಿದ ಮೇಲೆ ಕೆಲವರು ನಮ್ಮ ಅಂಗಳದಲ್ಲೂ ಪರ್ಣಕುಟೀರ ಕಟ್ಟೋಣವೆಂದರು. ನಾನು ಒಪ್ಪಲಿಲ್ಲ. ಅದು ಜೀವಂತವಾಗಿರುವ ಇನ್ನೊಂದು ಜನಾಂಗದ ಆರಾಧನೆ. ಅವರ ಕಟ್ಟಳೆಯ ಭಾರವನ್ನು ಹೊರದೆ ಅಲಂಕಾರವನ್ನಷ್ಟೇ ಎತ್ತಿಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ. ಸಂತ ಪೌಲನು ರೋಮನರಿಗೆ ಬರೆದ ಪತ್ರದ 11ನೆಯ ಅಧ್ಯಾಯದಲ್ಲಿ ನಾವು ಇಸ್ರಯೇಲೆಂಬ ಓಲಿವ್ ಮರಕ್ಕೆ ಕಸಿಕಟ್ಟಿದ ಕೊಂಬೆಗಳೆಂದೂ ಅದರ ಬೇರೇ ನಮ್ಮನ್ನು ಹೊತ್ತಿದೆಯೆಂದೂ ಎಚ್ಚರಿಸಿದ್ದಾನೆ, 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಅದನ್ನೇ ನೆನಪಿಸಿತು. ಅಲ್ಲದೆ ನಮ್ಮ ಕರಾವಳಿಯ ಕಥೋಲಿಕರಿಗೆ ಸೆಪ್ಟೆಂಬರ್ 8ರ, ಮಾತೆ ಮರಿಯಳ ಜನನದ ಮೊಂತಿ ಹಬ್ಬವಿದೆ: ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ತಂದು, ಅದರ ಕಾಳುಗಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರೂ ಸೇವಿಸುತ್ತೇವೆ. ಪ್ರಥಮಫಲದ ಅಧ್ಯಾಯಗಳನ್ನು ಓದುವುದಕ್ಕೆ ಇದಕ್ಕಿಂತ ತಕ್ಕ ದಿನ ಯಾವುದು?

ಆದ್ದರಿಂದ ನಮ್ಮ ಮನೆಯಲ್ಲಿ ತೆನೆಯ ಕಾಳನ್ನು ಹಂಚುವ ಮೊದಲು ಧರ್ಮೋಪದೇಶಕಾಂಡದ 26ನೆಯ ಅಧ್ಯಾಯವನ್ನು ಓದುತ್ತೇವೆ. ಬುಟ್ಟಿ ತಂದ ರೈತ ತನ್ನ ಪೂರ್ವಿಕನು ಅಲೆದಾಡುತ್ತಿದ್ದವನೆಂದು ಹೇಳಿಕೊಂಡು ಕೃತಜ್ಞತೆ ಸಲ್ಲಿಸುವ ಭಾಗವದು. ಗದ್ದೆ ಇಲ್ಲದವರು ತಮ್ಮ ದುಡಿಮೆಯ ಒಂದು ಪಾಲನ್ನು, ನಮ್ಮ ಊರಿಗೆ ಕೆಲಸಕ್ಕೆ ಬಂದಿರುವ ಹೊರರಾಜ್ಯಗಳ ಕಾರ್ಮಿಕರ ಊಟಕ್ಕೆಂದು ತೆಗೆದಿಡುತ್ತಾರೆ. ಕಳೆದ ಹಬ್ಬದಲ್ಲಿ ವಾಳೆಯ, ಅಂದರೆ ಚರ್ಚಿನ ವ್ಯಾಪ್ತಿಯ ಮನೆಗಳ ಗುಂಪಿನ, ಮುಖಂಡರಾದ ಗುರಿಕಾರರು ತಮ್ಮ ಗುಂಪಿನಲ್ಲೂ ಇದನ್ನು ನಡೆಸಿದರು. ಓದು ಬಾರದ ಹಿರಿಯರು ಹಿಂದೆ ಸರಿಯುವುದನ್ನು ಕಂಡು, ನಾನು ಮಿಷ್ನಾದ ಒಂದು ಸಂಗತಿಯನ್ನು ಅವರಿಗೆ ತಿಳಿಸಿದೆ: ಹಿಂದೆ ಈ ಮಾತುಗಳು ಬಾರದವರಿಗೆ ಮಾತ್ರ ಹೇಳಿಕೊಡುತ್ತಿದ್ದರು, ನಾಚಿಕೆಯಿಂದ ಅವರು ಕಾಣಿಕೆ ತರುವುದನ್ನೇ ನಿಲ್ಲಿಸಿದಾಗ, ಬಲ್ಲವರಿಗೂ ಬಾರದವರಿಗೂ ಒಂದೇ ರೀತಿ ಹೇಳಿಕೊಡಬೇಕೆಂದು ನಿಯಮ ಮಾಡಿದರು. ಅಂದಿನಿಂದ ನಮ್ಮಲ್ಲೂ ಒಬ್ಬರು ಸಾಲುಸಾಲಾಗಿ ಹೇಳುತ್ತಾರೆ, ಉಳಿದವರೆಲ್ಲರೂ, ಉಪಾಧ್ಯಾಯರೂ ಸೇರಿದಂತೆ, ಅವರ ಹಿಂದೆ ಹೇಳುತ್ತಾರೆ.