ಕೌದಿಯ ಕೆಳಗೆ ಕೈ ಹಾಕಿ: ನಮ್ಮ ಮನೆಯ ಕ್ರಿಸ್‌ಮಸ್ ಗಿಫ್ಟಿನ ಆಟಗಳು

ಆರು ವರ್ಷದ ಹಿಂದಿನ ಮಾತು. ಹುಬ್ಬಳ್ಳಿ ಕೇಶ್ವಾಪುರದ ನಮ್ಮ ಮನೆಯಲ್ಲಿ ಹನ್ನೊಂದು ಜನ ಸೇರಿದ್ದೆವು. ಮಕ್ಕಳು ಗಿಫ್ಟುಗಳ ಮೇಲೆ ಬಿದ್ದು ಪರಪರ ಹರಿದರು. ಐದೇ ನಿಮಿಷ, ಎಲ್ಲ ಮುಗಿಯಿತು. ಯಾರು ಯಾರಿಗೆ ಏನು ಕೊಟ್ಟರು ಅಂತ ಯಾರೂ ನೋಡಲಿಲ್ಲ. ಅಜ್ಜಿ ಎರಡು ತಿಂಗಳು ಕೂತು ಹೆಣೆದ ಉಲ್ಲನ್ ಟೋಪಿ ಮರುದಿನ ಕಸದ ಗಾಡಿ ಬರುವ ಹೊತ್ತಿಗೆ ಕಾಗದದ ರಾಶಿಯಲ್ಲಿ ಸಿಕ್ಕಿತು. ಅಜ್ಜಿ ಏನೂ ಅನ್ನಲಿಲ್ಲ. ನನಗೆ ಮಾತ್ರ ಬಹಳ ಸಂಕಟವಾಯಿತು.

"ವೈನಿ, ಮುಂದಿನ ಸಲ ಒಂದೊಂದ ಬಿಚ್ಚಸೂಣು, ಪಾಳಿ ಹಚ್ಚಿ" ಅಂದಳು ನಾದಿನಿ. ಬರೀ ಪಾಳಿ ಹಚ್ಚಿದರೆ ಮಕ್ಕಳು ಕಾಯುತ್ತಾರಾ? ಕಾಯುವುದೇ ಆಟ ಆಗಬೇಕು. ಅಲ್ಲಿಂದ ಶುರುವಾಯಿತು.

ಮೊದಲನೆಯದು ಕೌದಿ ಆಟ, ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. ಹಳೇ ಸೀರೆ ತುಂಡುಗಳಿಂದ ಅಜ್ಜಿ ಹೊಲಿದ ದೊಡ್ಡ ಕೌದಿ ಇದೆ. ಎಲ್ಲ ಗಿಫ್ಟುಗಳನ್ನು ಅದರ ಕೆಳಗೆ ಇಡುತ್ತೇವೆ. ಹೆಸರು ಬರೆಯುವುದಿಲ್ಲ, ಕಟ್ಟಿದ ದಾರದಲ್ಲಿ ಗಂಟು ಹಾಕುತ್ತೇವೆ. ಎಲ್ಲರಿಗಿಂತ ಸಣ್ಣವನಿಗೆ ಒಂದು ಗಂಟು, ಅವನಿಗಿಂತ ದೊಡ್ಡವಳಿಗೆ ಎರಡು, ಹೀಗೆ ಮೇಲಕ್ಕೆ. ಕೈ ಹಾಕಿ, ನೋಡದೆ, ಬೆರಳಲ್ಲೇ ಗಂಟು ಎಣಿಸಿ ತಮ್ಮದನ್ನು ಹುಡುಕಬೇಕು. ಹುಡುಕಿದ ಮೇಲೆ ಹೊರಗೆ ತೆಗೆಯುವ ಮೊದಲು ಒಳಗೇನಿದೆ ಅಂತ ಹೇಳಬೇಕು. ಮೂರು ಅವಕಾಶ. ತಪ್ಪಿದರೆ ಪಾಳಿ ಮುಂದಿನವರಿಗೆ, ಗಿಫ್ಟು ಅಲ್ಲೇ ಇರುತ್ತದೆ. ಪುಸ್ತಕ ಮುಟ್ಟಿದ ತಕ್ಷಣ ಗೊತ್ತಾಗುತ್ತದೆ, ಅದಕ್ಕೇ ಅದರ ಜೊತೆ ಲಟ್ಟಣಿಗೆಯನ್ನೋ ಸೌಟನ್ನೋ ಸೇರಿಸಿ ಕಟ್ಟುತ್ತೇನೆ. ದೊಡ್ಡವರಿಗೆ ಐದಾರಕ್ಕಿಂತ ಹೆಚ್ಚು ಗಂಟು ಬೇಡ, ಎಣಿಸುವುದರಲ್ಲೇ ಹೊತ್ತು ಹೋಗುತ್ತದೆ. ಅವರದಕ್ಕೆ ಬೇರೆ ಬೇರೆ ಗುಂಡಿ ಹೊಲಿದರೆ ಸಾಕು.

ಮೊದಲ ವರ್ಷವೇ ಅಜ್ಜಿ ಕೈ ಹಾಕಿದವರು ಕಾಗದದ ಮೇಲಿಂದಲೇ ಒಂದು ಸಲ ಒತ್ತಿ ನೋಡಿ, "ಇದು ಖಣ ಐತಿ. ಗುಳೇದಗುಡ್ಡದ್ದ" ಅಂದುಬಿಟ್ಟರು. ಅವರ ತವರು ಬೆಟಗೇರಿ, ನೇಕಾರರ ಊರು. ಮಗ್ಗದ ಸಪ್ಪಳದಲ್ಲಿ ಬೆಳೆದವರು. ಬಟ್ಟೆ ಗುರುತಿಸಲು ಆ ಕೈಗೆ ಕಣ್ಣೇ ಬೇಡ. ಎಂದೂ ಮೊಬೈಲ್ ಬಿಟ್ಟು ತಲೆ ಎತ್ತದ ನಮ್ಮ ದೊಡ್ಡ ಹುಡುಗ ಅವತ್ತು ಅಜ್ಜಿಯ ಪಕ್ಕ ಕೂತು, ಅದು ಹೇಗೆ ಗೊತ್ತಾಯಿತು ಅಂತ ಅರ್ಧ ತಾಸು ಕೇಳುತ್ತಾ ಇದ್ದ.

ಇದೆಲ್ಲ 24ರ ಸಂಜೆ ನಡೆಯುತ್ತದೆ. 25ರ ಬೆಳಿಗ್ಗೆ ಚರ್ಚು, ಆಮೇಲೆ ನೆಂಟರು, ಪುರುಸೊತ್ತೇ ಇರುವುದಿಲ್ಲ. ಜರ್ಮನಿಯಲ್ಲೂ ಗಿಫ್ಟು ಬಿಚ್ಚುವುದು 24ರ ಸಂಜೆಯೇ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರಲ್ಲ, ಅವರಲ್ಲಿ ಎಷ್ಟೋ ಜನ ಜರ್ಮನ್ನರೇ.

ಎರಡನೇ ಆಟವೂ ಒಂದು ಜರ್ಮನ್ ಆಟದಿಂದ ಬಂದದ್ದು. ಅಲ್ಲಿ ಮಕ್ಕಳು ದಾಳ ಹಾಕುತ್ತಾರೆ, ಆರು ಬಿದ್ದವರು ಟೋಪಿ, ಮಫ್ಲರ್, ಕೈಗವಸು ಹಾಕಿಕೊಂಡು ಚಾಕು ಫೋರ್ಕಿನಲ್ಲಿ ಚಾಕ್ಲೇಟ್ ಕತ್ತರಿಸಿ ತಿನ್ನಬೇಕು, ಇನ್ನೊಬ್ಬರಿಗೆ ಆರು ಬೀಳುವ ತನಕ. ನಾವು ಚಾಕ್ಲೇಟ್ ಬದಲು ಒಂದು ಗಿಫ್ಟಿಗೆ ಹನ್ನೆರಡು ಪದರ ಹಳೇ ಪೇಪರ್ ಸುತ್ತುತ್ತೇವೆ. ದಾಳದ ಬದಲು ಚೌಕಾಬಾರದ ನಾಲ್ಕು ಕವಡಿ. ನಾಲ್ಕು ಅಥವಾ ಎಂಟು (ನಾಲ್ಕೂ ಕವಡಿ ಬೋರಲು ಬಿದ್ದರೆ ಎಂಟು) ಬಿದ್ದರೆ ಮಂಕಿ ಕ್ಯಾಪು, ಗಾಡಿ ಓಡಿಸುವ ಗ್ಲೌಸು ಹಾಕಿಕೊಂಡು ಬಿಚ್ಚಲು ಶುರು ಮಾಡಬೇಕು. "ಏ ನಿಂದ್ರ, ನನಗ ಎಂಟು ಬಿತ್ತು!" ಅಂತ ಕೂಗಿದ ಕೂಡಲೇ ಗ್ಲೌಸು ಕೈ ಬದಲಾಗುತ್ತದೆ. ಪದರದ ನಡುವೆ ಪೆನ್ಸಿಲ್, ಚಾಕ್ಲೇಟ್ ಇಡಿ. ಇಲ್ಲದಿದ್ದರೆ ಒಬ್ಬರೇ ಗೆದ್ದು ಉಳಿದವರು ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ಕಂದು ಟೇಪ್ ಮಾತ್ರ ಬೇಡ, ದಾರ ಸಾಕು.

ಆಮೇಲೆ ಒಗಟು. ಗಿಫ್ಟು ಬಚ್ಚಿಟ್ಟು ಚೀಟಿ ಕೊಡುವುದು. ನಾನೇ ಕಟ್ಟಿದ ಒಂದು: "ದಿನಾ ಬಡಿಸ್ಕೊಂತೇನಿ, ಅಳಂಗಿಲ್ಲ, ಬೆಂಕಿ ಮ್ಯಾಲ ಮಲಗತೇನಿ, ಬೂದಿ ಆಗಂಗಿಲ್ಲ." ಮಕ್ಕಳು ಮನೆಯೆಲ್ಲ ಓಡಾಡಿ, ಕೊನೆಗೆ ಜೋಳದ ರೊಟ್ಟಿ ಅಂತ ಹೊಳೆದು ರೊಟ್ಟಿ ಬುಟ್ಟಿ ತೆರೆದರು. ಬಚ್ಚಿಡುವ ಜಾಗ ಮನೆಯವರಲ್ಲಿ ಒಬ್ಬರಿಗಾದರೂ ಹೇಳಿಡಿ. ಒಂದು ಸಲ ಮೇಣದ ಬಣ್ಣದ ಕಡ್ಡಿಗಳನ್ನು ಬಚ್ಚಲ ಹಂಡೆಯ ಹಿಂದೆ ಇಟ್ಟಿದ್ದೆ. ಗೊತ್ತಿಲ್ಲದೆ ಮಾವ ಬೆಳಿಗ್ಗೆ ಒಲೆ ಹಚ್ಚಿದರು. ಕರಗಿ ಮುದ್ದೆಯಾಗಿತ್ತು. ಮಗಳು ಅತ್ತಳು, ಹೊಸದು ತರಲು ದುರ್ಗದ ಬೈಲಿನ ಪೇಟೆಗೆ ಓಡಿದೆ.

ಎರಡು ವರ್ಷದಿಂದ ಇನ್ನೊಂದು ಸೇರಿಸಿದ್ದೇವೆ. ಒಬ್ಬೊಬ್ಬರದೂ ಒಂದು ಸಣ್ಣ ಗಿಫ್ಟನ್ನು ಜನವರಿ 6ಕ್ಕೆ ಉಳಿಸುತ್ತೇವೆ, ಮೂವರು ಜ್ಞಾನಿಗಳು ಬಾಲ ಯೇಸುವಿಗೆ ಕಾಣಿಕೆ ತಂದ ದಿನ. ಸ್ಪೇನಿನಲ್ಲಿ ಮಕ್ಕಳು ಅದರ ಹಿಂದಿನ ರಾತ್ರಿ ಬೂಟು ಇಟ್ಟು ಮಲಗುತ್ತಾರೆ. ನಮ್ಮ ಮಕ್ಕಳು ಬಾಗಿಲ ಹತ್ತಿರ ಚಪ್ಪಲಿ ಸಾಲಾಗಿ ಜೋಡಿಸುತ್ತಾರೆ. ಹೋದ ವರ್ಷ ಹನ್ನೊಂದು ಜೋಡಿಯ ಮೇಲೂ ಒಂದೊಂದು ಉಲ್ಲನ್ ಟೋಪಿ ಇತ್ತು. ಎಲ್ಲರೂ ಎದ್ದ ಕೂಡಲೇ ಹಾಕಿಕೊಂಡರು, ಅಜ್ಜಿ ಒಬ್ಬೊಬ್ಬರನ್ನೇ ಹತ್ತಿರ ಕರೆದು ಕಿವಿ ಮುಚ್ಚುವ ಹಾಗೆ ಕೆಳಗೆ ಎಳೆದರು.