ಓಡೋಕೆ ಟೈಮೇ ಇಲ್ಲ ಅನ್ನುವವರಿಗೆ

ಬೆಂಗಳೂರಿನ 10ಕೆ, ಅಂದರೆ 10 ಕಿ.ಮೀ. ಓಟಕ್ಕೆ ಹೆಸರು ಕೊಟ್ಟು, ಆಮೇಲೆ ಆಫೀಸು, ಮಕ್ಕಳ ಸ್ಕೂಲು ಅಂತ ಓಟ ಬಿಟ್ಟವರು ಇಲ್ಲಿ ಸುಮಾರು ಜನ ಇದ್ದೀರಿ. ನಾನೂ ಎರಡು ಸಲ ಬಿಟ್ಟವನೇ. ಈಗ ವಾರಕ್ಕೆ ಮೂರೇ ದಿನ ಓಡುತ್ತೇನೆ. ಮಂಗಳವಾರ, ಗುರುವಾರ ಮನೆ ಹತ್ತಿರ 25 ನಿಮಿಷ. ಭಾನುವಾರ ಮಾತ್ರ ಕಬ್ಬನ್ ಪಾರ್ಕಿನಲ್ಲಿ ಉದ್ದ ಓಟ.

ರಾತ್ರಿಯೇ ಬಾಗಿಲ ಹತ್ತಿರ ಶೂ ಇಟ್ಟು, ಅದರೊಳಗೆ ಸಾಕ್ಸು, ಮನೆ ಕೀ ತುರುಕಿಡಿ. ಬೆಳಿಗ್ಗೆ ಐದೂವರೆಗೆ ಕತ್ತಲಲ್ಲಿ ಸಾಕ್ಸ್ ಹುಡುಕುತ್ತಾ ಕೂತರೆ ಮತ್ತೆ ಹೊದಿಕೆಯೇ ಗತಿ. ಅಲಾರಂ ಹಾಲ್‌ನಲ್ಲಿರಲಿ. (ಮನೆಯವರು ಬೈತಾರೆ, ಬೈಸಿಕೊಳ್ಳಿ.)

ತೀರಾ ಬೇಜಾರಾದ ದಿನ ಹತ್ತೇ ನಿಮಿಷ ಅಂದುಕೊಂಡು ಹೊರಡಿ. ಆಮೇಲೂ ಬೇಡ ಅನಿಸಿದರೆ ವಾಪಸ್ ಬನ್ನಿ. ನಾನು ಹಾಗೆ ಬಂದದ್ದು ಕಮ್ಮಿ.

ತಪ್ಪಿದ ಓಟದ ಸಾಲವನ್ನು ಭಾನುವಾರ ಒಂದೇ ಸಲ ತೀರಿಸಲು ಹೋಗಬೇಡಿ. 5 ಕಿ.ಮೀ. ಓಡುತ್ತಿದ್ದ ನಾನು ಸುಮ್ನೆ ಹಟಕ್ಕೆ 11 ಓಡಿದೆ. ಮೊಣಕಾಲ ಕೆಳಗಿನ ಮೂಳೆ ನೋವು ಹೋಗಲು ಮೂರು ವಾರ ಬೇಕಾಯಿತು. ಪಕ್ಕದವರ ಜೊತೆ ಮಾತಾಡುತ್ತಾ ಓಡಲು ಆಗಬೇಕು, ಅಷ್ಟು ವೇಗ ಸಾಕು.

ಮಳೆ ಬಂದರೆ? ಅಪಾರ್ಟ್‌ಮೆಂಟಿನ ಮೆಟ್ಟಿಲು ಇದೆ ಅಲ್ವಾ.