ಮಿಶ್ರಣದ ಲೆಕ್ಕ: ಒಣದ್ರಾಕ್ಷಿ ಆಯಿತು, ಇನ್ನು ಗೊಬ್ಬರ

ವಿಜಯಪುರದ ಕಡೆ ಹತ್ತನೇ ತರಗತಿಗೆ ಮಿಶ್ರಣದ ಲೆಕ್ಕ ಹೇಳುವಾಗ ನಾನು ಆಸಿಡ್ ದ್ರಾವಣ ಹಿಡಿಯುವುದಿಲ್ಲ, ಒಣದ್ರಾಕ್ಷಿ ಹಿಡಿಯುತ್ತೇನೆ. ಕೆಜಿಗೆ 320 ರೂಪಾಯಿಯ ಮೊದಲ ದರ್ಜೆ, 220ರ ಎರಡನೇ ದರ್ಜೆ ಕೂಡಿಸಿ 250ರ ಮಾಲು 50 ಕೆಜಿ ಆಗಬೇಕು. ಎಕ್ಸ್, ವೈ ಬೇಡ. ಮ, ಎ ಎಂದೇ ಬರೆಸುತ್ತೇನೆ, ಕೊನೆಗೆ ಉತ್ತರ ಅದಲುಬದಲಾಗುವುದಿಲ್ಲ.

ತೂಕಕ್ಕೊಂದು ಸಮೀಕರಣ: ಮ + ಎ = 50. ರೊಕ್ಕಕ್ಕೊಂದು: 320ಮ + 220ಎ = 12,500. ಬಲಗಡೆ ಬರೀ 250 ಬರೆದು ಕೆಡಿಸುವವರೇ ಹೆಚ್ಚು. ಎಡಗಡೆ ಇರುವುದು ಒಟ್ಟು ರೊಕ್ಕ, ಹಾಗಾಗಿ ಬಲಗಡೆ 250 × 50 ಬರಬೇಕು. ಮೊದಲನೆಯದನ್ನು 220ರಿಂದ ಗುಣಿಸಿ ಕಳೆದರೆ 100ಮ = 1,500. ಮೊದಲ ದರ್ಜೆ 15, ಎರಡನೆಯದು 35 ಕೆಜಿ. 250 ಎಂಬುದು 220ಕ್ಕೆ ಹತ್ತಿರ, ಎರಡನೆಯದೇ ಜಾಸ್ತಿ ಬರಬೇಕಿತ್ತು, ಬಂತು.

ಗೊಬ್ಬರದ ಲೆಕ್ಕ ಇಷ್ಟು ಸಲೀಸಲ್ಲ. ಹೊಲಕ್ಕೆ ಸಾರಜನಕ 40, ರಂಜಕ 50 ಕೆಜಿ ಬೇಕು ಎನ್ನಿ. (ಚೀಲದ ಮೇಲಿನ ರಂಜಕದ ಅಂಕಿ ಪಿ2ಒ5, ಅಂದರೆ ರಂಜಕದ ಆಕ್ಸೈಡಿನ ಲೆಕ್ಕದ್ದು, ಶಿಫಾರಸೂ ಅದರಲ್ಲೇ ಇರುತ್ತದೆ.) ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರದಲ್ಲಿ ಸಾರಜನಕ ಶೇ 18, ರಂಜಕ ಶೇ 46, 10:26:26 ಎಂಬ ಸಂಯುಕ್ತ ಗೊಬ್ಬರದಲ್ಲಿ ಶೇ 10, ಶೇ 26 (ಮೂರನೇ ಅಂಕಿ ಪೊಟ್ಯಾಷಿನದು). ಡಿಎಪಿ ಡ ಕೆಜಿ, 10:26:26 ಹ ಕೆಜಿ ಎಂದಿಟ್ಟು ಇವೆರಡರಿಂದಲೇ ಮಾಡಹೊರಟರೆ:

0.18ಡ + 0.10ಹ = 40
0.46ಡ + 0.26ಹ = 50

ಉತ್ತರ ಡ = 6,750, ಹ = −11,750! ಗುಣಾಕಾರ ಸರಿಯಾಗಿಯೇ ಇದೆ, ಕೆಟ್ಟದ್ದು ಜೋಡಿ. ಸಾರಜನಕವನ್ನು ರಂಜಕದಿಂದ ಭಾಗಿಸಿ ನೋಡಿ: 18 ÷ 46 = 0.391; 10 ÷ 26 = 0.385. ಗ್ರಾಫಿನಲ್ಲಿ ಎರಡು ಗೆರೆಗಳೂ ಹೆಚ್ಚುಕಡಿಮೆ ಸಮಾಂತರ, ಕೂಡುವುದು ಎಲ್ಲೋ ದೂರದಲ್ಲಿ. ನಮಗೆ ಬೇಕಾದ ಅನುಪಾತ 40 ÷ 50 = 0.8, ಅದು ಆ ಎರಡರ ನಡುವೆ ಬೀಳದಿದ್ದರೆ ಋಣ ಸಂಖ್ಯೆ ಬಂದೇ ಬರುತ್ತದೆ. ಬಿಡಿಸುವ ಮೊದಲೇ ಇದನ್ನು ನೋಡಿಕೊಂಡರೆ ಅರ್ಧ ಪುಟ ಉಳಿಯುತ್ತದೆ.

10:26:26 ತೆಗೆದು ಯೂರಿಯಾ ಹಾಕಿ: ಸಾರಜನಕ ಶೇ 46, ರಂಜಕ ಇಲ್ಲ. ಡ = 50 ÷ 0.46, ಅಂದರೆ 108.7 ಕೆಜಿ. ಅದರಲ್ಲೇ ಸಾರಜನಕ 19.6 ಬಂತು, ಉಳಿದದ್ದಕ್ಕೆ ಯೂರಿಯಾ ಸುಮಾರು 44.4 ಕೆಜಿ. ಇಲ್ಲಿ ಡ + ಯ = 90 ಎಂದು ಬರೆಯುವವರಿದ್ದಾರೆ. 90 ಪೋಷಕಾಂಶದ ತೂಕ, ಗೊಬ್ಬರದ್ದು 153. ಅಂಗಡಿಯ ಲೆಕ್ಕದಲ್ಲಿ 45 ಕೆಜಿಯ ಯೂರಿಯಾ ಒಂದು ಚೀಲ, 50ರ ಡಿಎಪಿ ಎರಡು ಚೀಲ, ಮೇಲೆ ಒಂಬತ್ತು ಕೆಜಿ ಬಿಡಿ.